ನೂರಕ್ಕೆ ಹದಿಮೂರು

ಪತ್ರಿಕೆಯಲ್ಲಿ ಸರ್ಕಾರಿ ಪ್ರಕಟಣೆಗಳ ಪುಟ ಕಂಡರೆ ಥಟ್ಟನೆ ಮಗುಚಿಬಿಡುವವರಲ್ಲಿ ನಾನೂ ಒಬ್ಬ. ಆ ಸಣ್ಣ ಅಕ್ಷರ, ಉದ್ದುದ್ದ ಅಂಕಿಗಳು ಗುತ್ತಿಗೆದಾರರಿಗಲ್ಲದೆ ಇನ್ನಾರಿಗೆ ಬೇಕು ಎಂದುಕೊಂಡಿದ್ದೆ. ಆಫ್ರಿಕದ ಉಗಾಂಡ ದೇಶದ ಶಾಲಾ ಅನುದಾನದ ಚರಿತ್ರೆಯನ್ನು ಓದಿದಂದಿನಿಂದ ಆ ಪುಟ ಮಗುಚುವಾಗ ಕೈ ತುಸು ಅಳುಕುತ್ತದೆ.

ಅಂತರ್ಯುದ್ಧದಿಂದ ಬಳಲಿದ್ದ ಆ ದೇಶದಲ್ಲಿ 1986ರಲ್ಲಿ ಹೊಸ ಸರ್ಕಾರ ಬಂದಿತು. ಪ್ರಾಥಮಿಕ ಶಿಕ್ಷಣಕ್ಕೆ ಕೊಡುವ ಹಣ ಬರಬರುತ್ತ ಏರಿತು. ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಒಂದು ವಿಚಿತ್ರ ಕಂಡಿತು: ಖರ್ಚು ಏರಿದರೂ ಸರ್ಕಾರಿ ಲೆಕ್ಕದಲ್ಲಿ ಶಾಲಾ ಮಕ್ಕಳ ಸಂಖ್ಯೆ ಇದ್ದಲ್ಲೇ ಇತ್ತು. ಹಣ ಎಲ್ಲಿ ಹೋಯಿತು? ಖಜಾನೆಯ ಪುಸ್ತಕವನ್ನು ಕೇಳಿದರೆ ಉತ್ತರ ಸಿದ್ಧವಾಗಿತ್ತು: ಜಿಲ್ಲೆಗೆ ಹೋಯಿತು. ಮುಂದಿನ ದಾರಿಯನ್ನು ಅದು ಅರಿಯದು.

1996ರಲ್ಲಿ 18 ಜಿಲ್ಲೆಗಳ 250 ಸರ್ಕಾರಿ ಶಾಲೆಗಳಲ್ಲಿ ಸಮೀಕ್ಷೆ ನಡೆಯಿತು. ಅದರ ಅಂಕಿಗಳನ್ನು ವಿಶ್ಲೇಷಿಸಿದವರು ರಿಟ್ವಾ ರೀನಿಕ್ಕಾ ಮತ್ತು ಯಾಕೋಬ್ ಸ್ವೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು. ವಿಧಾನವೇನೋ ನಮ್ಮ ಮನೆಯ ಹೆಂಗಸರಿಗೆ ಗೊತ್ತಿರುವುದೇ. ಹಾಲಿನವನ ಪುಸ್ತಕವನ್ನು ಗೋಡೆಯ ಕ್ಯಾಲೆಂಡರಿನ ಗುರುತುಗಳೊಡನೆ ತಾಳೆ ನೋಡುವುದು. ಇಲ್ಲಿ ಒಂದು ಕಡೆ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಮೊತ್ತ, ಇನ್ನೊಂದು ಕಡೆ ಶಾಲೆಯ ದಾಖಲೆಯಲ್ಲಿ ಬಂದು ಸೇರಿದ ಮೊತ್ತ. 1991ರಿಂದ 1995ರವರೆಗೆ ಶಾಲೆಗಳಿಗೆ ಮುಟ್ಟಿದ್ದು ಸರಾಸರಿ ನೂರಕ್ಕೆ 13 ಪಾಲು. ಬಹುಪಾಲು ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಉಳಿದುದು ಜಿಲ್ಲೆಯ ಅಧಿಕಾರಿಗಳ, ರಾಜಕಾರಣಿಗಳ ಹಿಡಿತದಲ್ಲಿ ಕರಗಿತ್ತು.

ಸೋರಿಕೆ ಎಲ್ಲ ಕಡೆಯೂ ಒಂದೇ ಸಮನಾಗಿರಲಿಲ್ಲ. ಅನುಕೂಲಸ್ಥರ ಊರಿನ ಶಾಲೆಗಳು ಕೇಳಿ, ಗದ್ದಲ ಮಾಡಿ ಹೆಚ್ಚು ಪಾಲು ಪಡೆದವು. ಬಡವರ ಶಾಲೆಗಳು ಬಾಯಿ ತೆರೆಯಲಿಲ್ಲ. ತಮಗೆ ಬರಬೇಕಾದ ಹಣ ಇಂತಿಷ್ಟು ಎಂಬುದೇ ಅನೇಕರಿಗೆ ತಿಳಿಯದು! ಲೆಕ್ಕ ತಪಾಸಣೆಯವರು ಮೊದಲು ಹುಡುಕಬೇಕಾದುದು ದೂರೇ ಬಾರದ ಊರನ್ನು ಎಂದು ನನಗೆ ತೋರುತ್ತದೆ.

ಸರ್ಕಾರ ಮುಜುಗರಪಟ್ಟಿತು, ಆದರೆ ವರದಿಯನ್ನು ಬೀರುವಿಗೆ ಸೇರಿಸಲಿಲ್ಲ. ಯಾವ ಜಿಲ್ಲೆಗೆ ಎಷ್ಟು ಹಣ ಹೋಯಿತೆಂಬುದನ್ನು ಪತ್ರಿಕೆಗಳಲ್ಲಿ ತಿಂಗಳು ತಿಂಗಳೂ ಅಚ್ಚು ಹಾಕಿಸಿತು. ಬಂದ ಹಣವನ್ನು ಶಾಲೆಯವರು ಫಲಕದ ಮೇಲೆ ಬರೆದು ಹಾಕಬೇಕೆಂದಿತು. 2001ರ ಹೊತ್ತಿಗೆ ಶಾಲೆ ಮುಟ್ಟಿದ ಪಾಲು ನೂರಕ್ಕೆ 80ನ್ನು ದಾಟಿತ್ತು.

ಪತ್ರಿಕೆಯವರು ಇದನ್ನು ಕೇಳಿ ಮೀಸೆ ತಿರುವಬಹುದು. ಪೂರ್ತಿ ತಿರುವಲು ನಾನು ಬಿಡಲಾರೆ. 1997ರಲ್ಲಿ ಅಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಜಾರಿಗೆ ಬಂದಿತ್ತು. ಹಣಕಾಸಿನ ಆಡಳಿತದಲ್ಲಿ ಬೇರೆ ಬಿಗಿಗಳೂ ಆಗಿದ್ದವು. ಯಶಸ್ಸನ್ನೆಲ್ಲ ಪತ್ರಿಕೆಗೇ ಕಟ್ಟಬಾರದೆಂದು ಪಾಲ್ ಹಬ್ಬರ್ಡ್ 2007ರಲ್ಲಿ ವಾದಿಸಿದರು; ಆ ವಾದದಲ್ಲಿ ಹುರುಳಿದೆ.

ಆದರೂ ಒಂದು ಸಂಗತಿಯನ್ನು ತಳ್ಳಿಹಾಕಲು ನನಗಾಗಿಲ್ಲ. ರೀನಿಕ್ಕಾ ಮತ್ತು ಸ್ವೆನ್ಸನ್ ಪ್ರತಿ ಶಾಲೆಯಿಂದ ಪತ್ರಿಕೆ ಮಾರುವ ಸ್ಥಳಕ್ಕೆ ಎಷ್ಟು ದೂರವೆಂದು ಲೆಕ್ಕ ಹಾಕಿದರು. ಹತ್ತಿರವಿದ್ದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅನುದಾನದ ನಿಯಮವೂ ಹಣ ಬಿಡುಗಡೆಯಾದ ಕಾಲವೂ ಚೆನ್ನಾಗಿ ತಿಳಿದಿದ್ದವು. ಅವರ ಶಾಲೆಗೆ ಬಂದ ಪಾಲೂ ಹೆಚ್ಚು ಏರಿತ್ತು. ಪ್ರಕಟಣೆ ಆರಂಭವಾಗುವ ಮೊದಲು ಅದೇ ಹತ್ತಿರದ ಶಾಲೆಗಳೂ ದೂರದವುಗಳಷ್ಟೇ ನಷ್ಟ ಅನುಭವಿಸಿದ್ದವು.