ನಳಿಕೆ ಡೊಂಕೋ, ಗುಂಡು ಸಡಿಲವೋ: ಶ್ರೀರಂಗಪಟ್ಟಣದ ಕೋವಿಗಳ ಗುರಿ ಕುರಿತು ಒಂದು ಮರುಪರಿಶೀಲನೆ

ಶ್ರೀರಂಗಪಟ್ಟಣ ದಸರೆಯ ಮೆರವಣಿಗೆ ಹೊರಡುವುದು ಕಿರಂಗೂರಿನ ಬನ್ನಿಮಂಟಪದಿಂದ. ಕಾವೇರಿಯ ಉತ್ತರ ದಂಡೆಯ ಈ ಬಯಲು ಸೀಮೆಯಲ್ಲೇ 1792ರ ಫೆಬ್ರುವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯ ಮೂರು ದಳಗಳಾಗಿ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಿತು. ಆ ಕಾಲದ ಮೈಸೂರಿನ ಆಯುಧಗಳ ಪೈಕಿ ವಿದ್ವಾಂಸರನ್ನು ಹೆಚ್ಚು ಸೆಳೆದದ್ದು ರಾಕೆಟ್. ರೊದ್ದಂ ನರಸಿಂಹ ಅವರ 1985ರ ಅಧ್ಯಯನದ ನಂತರ ಕಬ್ಬಿಣದ ಕೊಳವೆಯೇ ಅದರ ಹೆಚ್ಚುಗಾರಿಕೆ ಎಂಬುದು ಬಹುಮಟ್ಟಿಗೆ ಒಪ್ಪಿತ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕ ಮೇಲೆ ಆ ಚರ್ಚೆಗೆ ಹೊಸ ಬಲ ಬಂತು. ಕೋವಿಗಳ ವಿಷಯದಲ್ಲಿ ರಾಬಿನ್ ವಿಗಿಂಗ್ಟನ್ 1992ರಲ್ಲಿ ಪ್ರಕಟಿಸಿದ ಪಟ್ಟಿಯೇ ಇಂದಿಗೂ ಆಧಾರ. ಪಟ್ಟಣದ ಕಮ್ಮಟಗಳಲ್ಲಿ ಒಳ್ಳೆಯ ಚಕಮಕಿ ಕೋವಿಗಳು ತಯಾರಾಗುತ್ತಿದ್ದವು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು ಗುರಿಯ ಬಗ್ಗೆ: ಅಂದಿನ ಕೋವಿ ಗುರಿ ತಪ್ಪುತ್ತಿದ್ದುದು ಏಕೆ?

ಕರ್ನಲ್ ಜಾರ್ಜ್ ಹ್ಯಾಂಗರ್ 1814ರಲ್ಲಿ ಕೊಟ್ಟ ಉತ್ತರ ಇಂದಿಗೂ ಚಲಾವಣೆಯಲ್ಲಿದೆ. ಸಿಪಾಯಿಯ ಕೋವಿ 80 ಯಾರ್ಡ್ ದೂರದ ಆಳಿಗೆ ತಗಲೀತು, ಹೆಚ್ಚೆಂದರೆ 100. 200 ಯಾರ್ಡಿಗೆ ಗುರಿಯಿಡುವುದೇ ವ್ಯರ್ಥ ಎಂದಾತ ಬರೆದ. ಅದಕ್ಕೊಂದು ಷರತ್ತನ್ನೂ ಹಾಕಿದ: ನಳಿಕೆ ತೀರಾ ಕೆಟ್ಟದಾಗಿ ಕೊರೆದದ್ದಾಗಿರಬಾರದು, ಡೊಂಕಾಗಿರಬಾರದು, ಅನೇಕ ಕೋವಿಗಳು ಹಾಗೇ ಇರುತ್ತವೆ. ದೂರದ ಅಂದಾಜನ್ನು ಒಪ್ಪಬಹುದು. ದೋಷವನ್ನು ನಳಿಕೆಯ ಮೇಲೆ ಹೊರಿಸಿದ್ದನ್ನು ಮಾತ್ರ ಒಪ್ಪುವುದು ಕಷ್ಟ.

ಡೊಂಕು ನಳಿಕೆಯ ತಪ್ಪು ದಿನವೂ ಒಂದೇ. ಅದು ಎಡಕ್ಕೆ ಎಳೆದರೆ ಪ್ರತಿ ಈಡಿಗೂ ಎಡಕ್ಕೇ ಎಳೆಯುತ್ತದೆ, ಕೋವಿಯ ಗುಣ ಬಲ್ಲವನು ಅಷ್ಟು ಬಲಕ್ಕೆ ಹಿಡಿದು ಹೊಡೆಯುತ್ತಾನೆ. ಸಿಪಾಯಿಯನ್ನು ಕಾಡಿದ್ದು ಇದಲ್ಲ. ಒಂದೇ ಕೋವಿಯಿಂದ, ಒಂದೇ ಗುರಿಗೆ ಹೊಡೆದ ಈಡುಗಳು ಒಂದೊಂದು ಕಡೆ ಚದುರುತ್ತಿದ್ದುದು. ಚದುರುವಿಕೆಗೆ ಕಾರಣ ಈಡಿನಿಂದ ಈಡಿಗೆ ಬದಲಾಗುವ ಸಂಗತಿಯೇ ಆಗಿರಬೇಕು.

ಅದು ಗುಂಡಿನ ಸಡಿಲು. ಕಂಪನಿಯ ಸಿಪಾಯಿಯ ಕೋವಿಯ ಬಾಯಿ ಸುಮಾರು 0.75 ಅಂಗುಲ, ಗುಂಡು ಸುಮಾರು 0.69. ಮಸಿಗಟ್ಟಿದ ನಳಿಕೆಗೂ ಬೇಗ ತುಂಬಲು ಬರಲೆಂದು ಬೇಕೆಂದೇ ಬಿಟ್ಟ ಸಂದು ಅದು, ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಗುಂಡು ನಳಿಕೆಯ ಗೋಡೆಯಿಂದ ಗೋಡೆಗೆ ಬಡಿಯುತ್ತ ಬರುತ್ತದೆ. ಕೊನೆಯ ಏಟು ಯಾವ ಮಗ್ಗುಲಿಗೆ ಬಿತ್ತೋ ಅದರ ಎದುರು ದಿಕ್ಕಿಗೆ ಸಿಡಿಯುತ್ತದೆ. ಕೊನೆಯ 30 ಸೆಂಟಿಮೀಟರಿನಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟಿತೆಂದು ಇಟ್ಟುಕೊಂಡರೂ ಓರೆ ಇನ್ನೂರಕ್ಕೆ ಒಂದು: ನೂರು ಮೀಟರಿನಲ್ಲಿ ಅರ್ಧ ಮೀಟರ್ ಅತ್ತ ಅಥವಾ ಇತ್ತ. ಆಳೊಬ್ಬನ ಎದೆ ತಪ್ಪಿಹೋಗಲು ಇಷ್ಟು ಸಾಕು.

ಈ ವಾದಕ್ಕೆ ಹ್ಯಾಂಗರನಿಗಿಂತ ಹಿಂದಿನ ಸಾಕ್ಷಿ ಬೆಂಜಮಿನ್ ರಾಬಿನ್ಸ್. ಆತ ನಳಿಕೆಯೊಂದರ ತುದಿಯನ್ನು ಎಡಕ್ಕೆ ಬಾಗಿಸಿ, ದೂರದೂರಕ್ಕೆ ತೆಳು ಕಾಗದದ ಪರದೆ ಕಟ್ಟಿ ಹೊಡೆದ. ಹತ್ತಿರದ ಪರದೆಗಳಲ್ಲಿ ತೂತು ಎಡಕ್ಕೇ ಬಿತ್ತು, ದೂರದಲ್ಲಿ ಮಾತ್ರ ಗುಂಡು ನೇರಗೆರೆಯನ್ನು ದಾಟಿ ಬಲಕ್ಕೆ ಹೋಗಿತ್ತು. ಬಾಗಿದ ನಳಿಕೆಯ ಬಲಗೋಡೆಗೆ ಉಜ್ಜಿದ ಗುಂಡು ಸುತ್ತತೊಡಗಿ, ಆ ಸುತ್ತೇ ಗಾಳಿಯಲ್ಲಿ ಅದನ್ನು ಬಲಕ್ಕೆ ಎಳೆದಿತ್ತು. ಅಂದರೆ ಡೊಂಕು ನಳಿಕೆಯಲ್ಲೂ ಕೊನೆಯ ತೀರ್ಮಾನ ಗುಂಡು ಎಲ್ಲಿ ಉಜ್ಜಿತು ಎಂಬುದರದೇ. ಈ ರಾಬಿನ್ಸ್ 1750ರಲ್ಲಿ ಕಂಪನಿಯ ಮುಖ್ಯ ಎಂಜಿನಿಯರಾಗಿ ತಮಿಳು ಕರಾವಳಿಗೆ ಬಂದು, ಮರುವರ್ಷ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಗುಂಡು ಮದ್ದಿನ ಮೇಲೆ ಕೂತ ಆಳವೂ ಅಷ್ಟೇ ಮುಖ್ಯ. ಮಲೆನಾಡಿನ ಕೇಪಿನ ಕೋವಿಯವರು ಈಡು ಜಡಿದ ಮೇಲೆ ನಳಿಕೆಯ ಬಾಯಿಂದ ಗಜ ಎಷ್ಟು ಬೆರಳು ಹೊರಗುಳಿಯಿತೆಂದು ನೋಡುವುದು ಇದಕ್ಕೇ. ಗುಂಡು ಮೇಲೇ ನಿಂತು ಮಧ್ಯೆ ಪೊಳ್ಳು ಉಳಿದರೆ ಒತ್ತಡ ಏರುಪೇರಾಗಿ ವೇಗ ಬದಲಾಗುತ್ತದೆ, ನಳಿಕೆ ಉಬ್ಬುವ ಅಪಾಯವೂ ಉಂಟು. ಯುದ್ಧದ ಅವಸರದಲ್ಲಿ ಬೆರಳೆಣಿಸಲು ಪುರಸೊತ್ತಿರಲಿಲ್ಲ.

ಆಕಾರದ ಮಾತು ಇದರ ಬೆನ್ನಿಗೇ ಬರುತ್ತದೆ. ಮೊಟ್ಟೆಯಾಕಾರದ ಗುಂಡು ಒಳ್ಳೆಯದೆಂದು ರಾಬಿನ್ಸ್ ಬಲ್ಲ. ಆದರೆ ಸುರುಳಿಗೆರೆ ಕೊರೆದ ನಳಿಕೆಯಲ್ಲಿ ಬಿಗಿಯಾಗಿ ಸುತ್ತದ ಉದ್ದ ಗುಂಡು ತಲೆಕೆಳಗಾಗಿ ಉರುಳುತ್ತದೆ. ಬಿಗಿ ಬೇಕೆಂದು ಫ್ರೆಂಚ್ ಅಧಿಕಾರಿ ಡೆಲ್ವಿನ್ ಗುಂಡನ್ನು ಗಜದಿಂದ ಬಡಿದು ಹಿಗ್ಗಿಸಿದ. ಬಡಿದರೆ ಆಕಾರವೇ ಕೆಟ್ಟಿತು. ಬುಡ ಪೊಳ್ಳಾದ ಉದ್ದ ಗುಂಡು ಈ ಗೋಜನ್ನು ಬಿಡಿಸಿತು. 1823ರಲ್ಲಿ ಅಂಥ ಗುಂಡು ರಚಿಸಿದ ಕ್ಯಾಪ್ಟನ್ ನಾರ್ಟನ್‌ಗೆ ದಕ್ಷಿಣ ಭಾರತದ ಊದುಗೊಳವೆಯ ಅಂಬು ಪ್ರೇರಣೆ ಎಂಬ ಮಾತಿದೆ. ನಿಜವೇ ಆಗಿದ್ದರೆ, ಆತ ಕಲಿತದ್ದು ಅಂಬಿನ ಮೊನೆಯಿಂದಲ್ಲ. ಉಸಿರಿನ ಒತ್ತಿಗೆ ಹಿಗ್ಗಿ ಕೊಳವೆ ಮುಚ್ಚುವ ಅದರ ಬುಡದ ಬೆಂಡಿನಿಂದ.

ಇಷ್ಟರಿಂದ ಹೊರಡುವ ತೀರ್ಮಾನ: ನಳಿಕೆಯ ಕುಸುರಿಯನ್ನು ನೋಡಿ ಶ್ರೀರಂಗಪಟ್ಟಣದ ಕೋವಿ ಮೇಲೋ ಕಂಪನಿಯ ಕೋವಿ ಮೇಲೋ ಎಂದು ಗುರಿಯ ಬಗ್ಗೆ ತೀರ್ಪು ಕೊಡಲಾಗದು, ಗುಂಡಿನ ಸಡಿಲು ಸಮವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸಿರಬೇಕು. ಇದನ್ನು ಹಿಗ್ಗಿಸಿ ಓದಬಾರದು. ಮೇಲಿನ ಲೆಕ್ಕ ಒಂದು ಊಹೆಯ ಮೇಲೆ ನಿಂತದ್ದು. ಸವೆದ ನಳಿಕೆ ಸಡಿಲನ್ನು ಹೆಚ್ಚಿಸುವುದರಿಂದ ನಳಿಕೆ ಪೂರ್ತಿ ನಿರ್ದೋಷಿಯೂ ಅಲ್ಲ. 1792ರ ಕಾಳಗವೋ ಕತ್ತಲಲ್ಲಿ ನಡೆದದ್ದು. ಸಾಲುಗಟ್ಟಿ ಹೊಡೆಯುವ ಯುದ್ಧದ ಸೋಲುಗೆಲುವು ಒಬ್ಬೊಬ್ಬನ ಗುರಿಯನ್ನೇ ನಂಬಿರಲಿಲ್ಲ.

ಉಳಿದ ಕೆಲಸಕ್ಕೆ ತಕ್ಕಡಿ ಬೇಕು. ಬಯಲಲ್ಲಿ ಸಿಗುವ ಸೀಸದ ಗುಂಡು ಚಪ್ಪಟೆಯಾಗಿದ್ದರೂ ತೂಕ ಹೆಚ್ಚು ಕಳೆದುಕೊಂಡಿರುವುದಿಲ್ಲ: 0.69 ಅಂಗುಲದ್ದು ಸುಮಾರು 32 ಗ್ರಾಂ, 0.75 ಅಂಗುಲದ್ದಾದರೆ 41. 2017ರಲ್ಲಿ ಜೋಡಿ ರೈಲು ಹಳಿಗೆಂದು ಪಟ್ಟಣದ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ಜರುಗಿಸಿದಾಗ ತೋರಿದ ಜತನವನ್ನು ಗುಂಡುಗಳಿಗೂ ತೋರಿ, ಸಿಕ್ಕ ಜಾಗ ಗುರುತಿಸಿ ತೂಗಿದರೆ, ಯಾವ ಕಡೆಯ ಗುಂಡು ಎಷ್ಟು ಸಡಿಲವಿತ್ತೆಂದು ತಿಳಿದೀತು. ಅಲ್ಲಿಯವರೆಗೆ ಈ ಲೇಖನದ ತೀರ್ಮಾನವೂ ತಾತ್ಕಾಲಿಕವೇ.