ಮುರಕಲ್ಲಿನ ಕೆಳಗೆ ಎಣ್ಣೆ, ಮರಳಿನ ಕೆಳಗೆ ನೀರು

ಉಡುಪಿ ಜಿಲ್ಲೆಯ ಕಟಪಾಡಿಗೆ ಪಡುವಣ ದಿಕ್ಕಿನಲ್ಲಿ, ಕಡಲಿಗೂ ಹೊಳೆಗೂ ನಡುವೆ ಇರುವ ಕಿರಿದಾದ ಮರಳುಪಟ್ಟಿಯ ಮೇಲೆ ಮಟ್ಟು ಎಂಬ ಹಳ್ಳಿಯಿದೆ. ಇಲ್ಲಿ ಬೆಳೆಯುವ ಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಲ್ಲಿಂದ ಮೂಡಲ ಕಡೆಗೆ ಕೆಲವೇ ಕಿಲೋಮೀಟರ್ ಹೋದರೆ ಕಾಪು ತಾಲ್ಲೂಕಿನ ಪಾದೂರು. ಅಲ್ಲಿಯ ಕಗ್ಗಲ್ಲಿನ ಗರ್ಭದಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳಿವೆ. ಒಂದು ಕಡೆ ಸಿಹಿನೀರಿನ ಬಾವಿಯನ್ನು ನಂಬಿದ ಬೇಸಾಯ, ಇನ್ನೊಂದು ಕಡೆ ದೇಶದ ತುರ್ತುಕಾಲದ ಇಂಧನ. ಇವೆರಡನ್ನೂ ಕಾಯುತ್ತಿರುವುದು ಒಂದೇ ವಸ್ತು, ಅಂತರ್ಜಲ. ಅದು ಹೇಗೆ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಪೆಟ್ರೋಲಿಯಂ, ನಿಸರ್ಗಾನಿಲ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನೆಲ ಕೊರೆಯುವ ಎತ್ತರದ ಗೋಪುರ. ಕರಾವಳಿಯ ನಮ್ಮ ನೆಲದಲ್ಲಿ ಅಂಥ ಗೋಪುರ ಏಳದಿರುವುದಕ್ಕೆ ಭೂವಿಜ್ಞಾನದಲ್ಲಿಯೇ ಕಾರಣವಿದೆ. ಇಲ್ಲಿ ಬಾವಿ ತೋಡುವವರಿಗೆ ನೆಲದ ಪದರಗಳು ಬಾಯಿಪಾಠ: ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದಕ್ಕೂ ಕೆಳಗೆ ಕಗ್ಗಲ್ಲು. ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800-1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಆತನ ವರದಿ 1807ರಲ್ಲಿ ಪ್ರಕಟವಾಯಿತು. ತಳದ ಕಗ್ಗಲ್ಲು ನೈಸ್ ಮತ್ತು ಗ್ರಾನೈಟ್ ಜಾತಿಯದು; ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನದು. ತೈಲ ಮತ್ತು ಅನಿಲ ಹುಟ್ಟಬೇಕಾದರೆ ಜೀವಿಗಳ ಅವಶೇಷ ಕೆಸರಿನಲ್ಲಿ ಹೂತು, ದಪ್ಪ ಜಲಜ ಶಿಲೆಯಾಗಿ, ಹದವಾಗಿ ಬಿಸಿಯಾಗಬೇಕು. ಹರಳುಗಟ್ಟಿದ ಹಳೆಯ ಕಗ್ಗಲ್ಲಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಕಡಲಿನ ಕಥೆ ಬೇರೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹೊರಬಂದ ಲಾವಾದಿಂದ ಆದವು. ಆ ಬಿರಿತದಿಂದಾಗಿ ಕೊಂಕಣದಿಂದ ಕೇರಳದವರೆಗೆ ಕಡಲತಳದಲ್ಲಿ ಕೆಸರು ತುಂಬುವ ಉದ್ದನೆಯ ತಗ್ಗು ಉಂಟಾಯಿತು. ತೈಲ ಹುಡುಕುವವರ ಕಣ್ಣು ಅದರ ಮೇಲೆ ಬಿದ್ದಿದೆ, ಬಾವಿಗಳನ್ನೂ ಕೊರೆಯಲಾಗಿದೆ. ವಾಣಿಜ್ಯ ಪ್ರಮಾಣದಲ್ಲಿ ಏನೂ ದೊರೆತಿಲ್ಲ. ಅದೇ ಪಶ್ಚಿಮ ಕಡಲಿನ ಉತ್ತರ ಭಾಗದಲ್ಲಿ 1974ರಲ್ಲಿ ಬಾಂಬೆ ಹೈ ಸಿಕ್ಕಿತು ಎಂಬುದನ್ನು ನೆನೆದರೆ ಪ್ರಕೃತಿಯ ಪಕ್ಷಪಾತ ಅರ್ಥವಾದೀತು.

ಭಾರತದಲ್ಲಿ ಕೊರೆಯುವ ಕೆಲಸ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ನೆಲೆಗೊಂಡಿತು. 1901ರಲ್ಲಿ ಅಲ್ಲಿ ಶುದ್ಧೀಕರಣಾಗಾರ ಬಂತು. 1956ರಲ್ಲಿ ತೈಲ ಮತ್ತು ನಿಸರ್ಗಾನಿಲ ಆಯೋಗ ಸ್ಥಾಪನೆಯಾಗಿ, 1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿ ತೈಲ ದೊರೆಯಿತು. ಆಗ ಹೊಲದ ಒಡೆಯನಿಗೆ ಎದುರಾದ ಪ್ರಶ್ನೆ ಇಂದಿಗೂ ಜೀವಂತವಾಗಿದೆ: ಮಣ್ಣು ನನ್ನದಾದರೆ ಅದರ ಅಡಿಯಲ್ಲಿರುವುದು ಯಾರದು? ಅಮೆರಿಕದ ಅನೇಕ ರಾಜ್ಯಗಳಲ್ಲಿ ಅನಿಲದ ಹಕ್ಕನ್ನು ಜಮೀನುದಾರನೇ ಕಂಪನಿಗೆ ಗುತ್ತಿಗೆ ಕೊಟ್ಟು ರಾಜಧನ ಪಡೆಯಬಹುದು. ನಮ್ಮಲ್ಲಿ ಹಾಗಲ್ಲ. 1948ರ ತೈಲಕ್ಷೇತ್ರಗಳ ಕಾಯ್ದೆ ಮತ್ತು 1959ರ ಪೆಟ್ರೋಲಿಯಂ ನಿಯಮಗಳಲ್ಲಿ ನೆಲದ ಮೇಲಿನ ಗುತ್ತಿಗೆಯನ್ನು ಕೇಂದ್ರದ ಪೂರ್ವಾನುಮತಿಯೊಡನೆ ರಾಜ್ಯ ಸರ್ಕಾರ ಕೊಡುವ ವ್ಯವಸ್ಥೆ ರೂಪುಗೊಂಡಿತು. ಕಡಲಿನ ಗುತ್ತಿಗೆ ಕೇಂದ್ರದ್ದೇ. ಮೂಲ ಕಾಯ್ದೆಗೆ 2025ರಲ್ಲಿ ದೊಡ್ಡ ತಿದ್ದುಪಡಿಯಾಗಿದೆ. ಮಲಬಾರಿನ ಜನ್ಮಿ ಭೂಮಿಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಕಾನೂನಿನ ಮೂಲಕ ಕಸಿದುಕೊಳ್ಳದ ಹೊರತು ನೆಲದಡಿಯ ಖನಿಜವೂ ಭೂಮಾಲೀಕನದೇ ಎಂದು ತೀರ್ಪು ಕೊಟ್ಟಿತು. ಇದನ್ನು ಓದಿ ಕೆಲವರು ಹಿಗ್ಗಿದ್ದುಂಟು. ಆದರೆ ಖನಿಜ ತನ್ನದಾದರೂ ಅದನ್ನು ತೆಗೆಯಲು ಪರವಾನಗಿ ಬೇಕೇ ಬೇಕು, ಪೆಟ್ರೋಲಿಯಮ್ಮಿಗಂತೂ ಬೇರೆಯೇ ಕಾಯ್ದೆಯಿದೆ. ಆದ್ದರಿಂದ ರೈತನಿಗೆ ಸಿಗುವುದು ಅನಿಲದ ಬೆಲೆಯಲ್ಲಿ ಪಾಲಲ್ಲ. ನೆಲದ ಮೇಲ್ಮೈಗೆ, ಬೆಳೆಗೆ, ಮರಗಳಿಗೆ ಪರಿಹಾರ ಅಷ್ಟೆ.

ಕೊರೆಯುವಾಗ ಆಗಬಹುದಾದ ಅಪಾಯವನ್ನು ಆಂಧ್ರದ ಗೋದಾವರಿ ಮುಖಜ ಭೂಮಿಯ ಜನ ಚೆನ್ನಾಗಿ ಬಲ್ಲರು. ಬಾವಿ ಕೊರೆಯುವಾಗ ಅದರೊಳಗೆ ತೂಕದ ಕೆಸರುನೀರನ್ನು ತುಂಬಿರುತ್ತಾರೆ. ಅದರ ಒತ್ತಡ ಕೆಳಗಿನ ಅನಿಲದ ಒತ್ತಡಕ್ಕಿಂತ ಹೆಚ್ಚಿರಬೇಕು. ಈ ತೂಕ ತಪ್ಪಿ, ಬಾಯಿಕಟ್ಟುವ ಕವಾಟವೂ ಕೈಕೊಟ್ಟರೆ ಅನಿಲ ಚಿಮ್ಮುತ್ತದೆ. 1995ರ ಜನವರಿ 8ರಂದು ಪಾಸರ್ಲಪೂಡಿಯ ಬಾವಿಯಲ್ಲಿ ಹೀಗಾಗಿ ಹೊತ್ತಿದ ಬೆಂಕಿ 65 ದಿನ ಉರಿಯಿತು. ಅಸ್ಸಾಮಿನ ಬಾಗ್‌ಜಾನಿನಲ್ಲಿ 2020ರ ಮೇ 27ರಂದು ಚಿಮ್ಮಿದ ಅನಿಲಕ್ಕೆ ಜೂನ್ 9ರಂದು ಬೆಂಕಿ ತಗಲಿತು. ಅದನ್ನು ಪೂರ್ತಿ ಆರಿಸುವಷ್ಟರಲ್ಲಿ ನವೆಂಬರ್ ನಡುಭಾಗ ಕಳೆದಿತ್ತು. ಪಕ್ಕದ ಮಾಗುರಿ ಜೌಗಿನ ಮೀನು, ಸುತ್ತಲಿನ ಚಹಾ ತೋಟ, ಮನೆಗಳು ಇದಕ್ಕೆ ತೆತ್ತ ಬೆಲೆ ದೊಡ್ಡದು. ವಿಚಿತ್ರವೆಂದರೆ, ಅದೇ 2020ರ ಜನವರಿಯಲ್ಲಿ ತೈಲ, ಅನಿಲಗಳ ಶೋಧನಾ ಹಂತದ ಕೊರೆತವನ್ನು ಕೇಂದ್ರ ಪರಿಸರ ಸಚಿವಾಲಯ ಸಾರ್ವಜನಿಕ ಅಹವಾಲು ಬೇಕಿಲ್ಲದ ವರ್ಗಕ್ಕೆ ಸೇರಿಸಿತ್ತು.

ನಮ್ಮ ಜಿಲ್ಲೆಗೆ ಬಂದದ್ದು ತೈಲವನ್ನು ನೆಲದಿಂದ ತೆಗೆಯುವ ಯೋಜನೆಯಲ್ಲ, ನೆಲದೊಳಗೆ ಇಡುವ ಯೋಜನೆ. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಬಿಸಿ ಮುಟ್ಟಿದ ಅಮೆರಿಕ, 1975ರಲ್ಲಿ ಕಾನೂನು ಮಾಡಿ ಉಪ್ಪಿನ ಗುಹೆಗಳಲ್ಲಿ ತೈಲ ಕೂಡಿಡತೊಡಗಿತು. 1990-91ರ ಕೊಲ್ಲಿ ಯುದ್ಧದ ಸಮಯದಲ್ಲಿ ಭಾರತದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದದ್ದನ್ನು ಹಿರಿಯ ಓದುಗರು ಮರೆತಿರಲಾರರು. ಆ ಅನುಭವದ ಫಲವಾಗಿ 2004ರಲ್ಲಿ ಭಾರತೀಯ ವ್ಯೂಹಾತ್ಮಕ ಪೆಟ್ರೋಲಿಯಂ ಸಂಗ್ರಹ ನಿಯಮಿತ ಹುಟ್ಟಿತು. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್: ಒಟ್ಟು 53.3 ಲಕ್ಷ ಟನ್. ಸರ್ಕಾರದ ಲೆಕ್ಕದಲ್ಲಿ ಇದು ದೇಶಕ್ಕೆ ಸುಮಾರು ಒಂಬತ್ತೂವರೆ ದಿನಗಳ ಕಚ್ಚಾತೈಲ. ಪಾದೂರು 2018ರಲ್ಲಿ ಸಿದ್ಧವಾಯಿತು. ಅಲ್ಲಿಯೇ ಇನ್ನೂ 25 ಲಕ್ಷ ಟನ್ನಿನ ಎರಡನೆಯ ಹಂತಕ್ಕೆ 2021ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆತಿದೆ.

ಕಗ್ಗಲ್ಲು ಗಟ್ಟಿಯಾದರೂ ಬಿರುಕುಗಳಿಲ್ಲದ್ದಲ್ಲ. ಹಾಗಿದ್ದರೆ ಒಳಗೆ ಲೋಹದ ಹೊದಿಕೆಯಿಲ್ಲದ ಗುಹೆಯಿಂದ ಎಣ್ಣೆ ಸೋರುವುದಿಲ್ಲವೇ? ಸ್ವೀಡನ್ನಿನ ಎಂಜಿನಿಯರುಗಳು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬಳಕೆಗೆ ತಂದ ಉಪಾಯ ಬಹು ಸರಳವಾದದ್ದು. ಗುಹೆಯನ್ನು ಅಂತರ್ಜಲ ಮಟ್ಟಕ್ಕಿಂತ ಸಾಕಷ್ಟು ಕೆಳಗೆ ಕೊರೆಯಬೇಕು. ಆಗ ಬಿರುಕುಗಳಲ್ಲಿರುವ ನೀರಿನ ಒತ್ತಡ ಎಣ್ಣೆಯ ಒತ್ತಡವನ್ನು ಮೀರುತ್ತದೆ. ನೀರು ಒಳಕ್ಕೆ ಒಸರುತ್ತದೆ, ಎಣ್ಣೆ ಹೊರಕ್ಕೆ ಹೋಗಲಾರದು. ಒಸರಿದ ನೀರು ತಳದಲ್ಲಿ ನಿಲ್ಲುತ್ತದೆ, ಹಗುರವಾದ ಎಣ್ಣೆ ಅದರ ಮೇಲೆ ತೇಲುತ್ತದೆ. ಹೆಚ್ಚಾದ ನೀರನ್ನು ಪಂಪು ಮಾಡಿ, ಶುದ್ಧಗೊಳಿಸಿ ಬಿಡಬೇಕು. ಮೇಲಿನ ನೀರು ಬತ್ತದಂತೆ ಗುಹೆಯ ನೆತ್ತಿಯ ಮೇಲೊಂದು ಸುರಂಗ ಕೊರೆದು, ಅದರಿಂದ ಸಾಲುಸಾಲಾಗಿ ರಂಧ್ರಗಳನ್ನು ತೆಗೆದು ನೀರು ತುಂಬಿರುತ್ತಾರೆ. ಇದಕ್ಕೆ ಜಲಪರದೆ ಎನ್ನಬಹುದು. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ವಾಯುಭಾರ ಎಂಬ ಪ್ರೌಢಶಾಲೆಯ ಪಾಠವೇ ಇಲ್ಲಿ ಬೀಗ. ಕಚ್ಚಾತೈಲದ ಆವಿಯ ಒತ್ತಡ ಕಡಿಮೆಯಾದ್ದರಿಂದ ಆಳ ಅಷ್ಟೇನೂ ಬೇಡ. ಅಡುಗೆ ಅನಿಲದಲ್ಲಿರುವ ಪ್ರೋಪೇನಿನ ಆವಿಯ ಒತ್ತಡ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ವಾಯುಭಾರದ ಆಸುಪಾಸು. ಅದನ್ನು ಹಿಡಿದಿಡಲು ನೂರು ಮೀಟರಿಗೂ ಮಿಕ್ಕ ನೀರಿನ ಭಾರ ಬೇಕು. ಮಂಗಳೂರಿನ 80,000 ಟನ್ನಿನ ಅಡುಗೆ ಅನಿಲದ ಗುಹೆಯನ್ನು ಬಹಳ ಆಳಕ್ಕೆ ಒಯ್ದದ್ದು ಇದಕ್ಕಾಗಿಯೇ.

ಪಾದೂರಿನ ಗುಹೆಗಳು ಸುಮಾರು 20 ಮೀಟರ್ ಅಗಲ, 30 ಮೀಟರ್ ಎತ್ತರ. ಎಣ್ಣೆಯ ಸಾಂದ್ರತೆ 0.85 ಎಂದಿಟ್ಟುಕೊಂಡರೆ 25 ಲಕ್ಷ ಟನ್ನಿಗೆ 29 ಲಕ್ಷ ಘನಮೀಟರ್ ಜಾಗ ಬೇಕು. ಅಂದರೆ ಹೆಚ್ಚುಕಡಿಮೆ ಐದು ಕಿಲೋಮೀಟರ್ ಉದ್ದದ ಗುಹೆ. ಅಷ್ಟು ಜಾಗದಿಂದ ಹೊರಬರುವ ಕಲ್ಲಿನ ತೂಕ 78 ಲಕ್ಷ ಟನ್ನಿನಷ್ಟಾಗುತ್ತದೆ. ಹತ್ತು ಟನ್ನಿನ ಲಾರಿಗಳಲ್ಲಿ ಸಾಗಿಸಿದರೆ ಏಳೂವರೆ ಲಕ್ಷಕ್ಕೂ ಹೆಚ್ಚು ಲೋಡು. ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿದರೆ, ಸಿಡಿಮದ್ದಿನ ಸದ್ದು, ಗೋಡೆಯ ಬಿರುಕು, ಧೂಳು ಎಂದು ಸುತ್ತಲಿನವರು ದೂರಿದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ಇಲ್ಲಿ ಜಮೀನುದಾರನು ಗಮನಿಸಬೇಕಾದ ಸಂಗತಿಯೊಂದಿದೆ. ಅಂತರ್ಜಲವೇ ಬೀಗವಾದ ಮೇಲೆ ಹತ್ತಿರದಲ್ಲಿ ಯಾರಾದರೂ ಆಳದ ಕೊಳವೆ ಬಾವಿ ಕೊರೆದು ನೀರೆಳೆದರೆ ಬೀಗ ಸಡಿಲವಾಗುತ್ತದೆ. ಆದ್ದರಿಂದ ಇಂಥ ಗುಹೆಗಳ ಸುತ್ತ ಕೊರೆತ, ಕಲ್ಲುಗಣಿಗಳಿಗೆ ನಿರ್ಬಂಧ ಸಹಜ. ಮಾರಿದ ಜಮೀನಿನವನಿಗೆ ಪರಿಹಾರ ಸಿಕ್ಕೀತು. ಮಾರದೆ ಉಳಿದ ನೆರೆಯವನ ಕೈ ಕಟ್ಟಿದರೆ ಅದಕ್ಕೇನು ಬೆಲೆ? ಗುಹೆ ಕೊರೆಯುವಾಗ ನೀರು ಒಳಕ್ಕೆ ಬಸಿದು ಸುತ್ತಲಿನ ಬಾವಿಗಳ ಮಟ್ಟ ಇಳಿಯುವ ಸಾಧ್ಯತೆಯೂ ಇದೆ. ಆಗ ಇಳಿಯಿತೆಂದು ಸಾಧಿಸಲು ಮೊದಲು ಎಷ್ಟಿತ್ತೆಂಬ ದಾಖಲೆ ಇರಬೇಕು. ನಮ್ಮ ಎಷ್ಟು ಪಂಚಾಯತಿಗಳಲ್ಲಿ ಬಾವಿಗಳ ನೀರಿನ ಮಟ್ಟ ಬರೆದಿಟ್ಟ ಪುಸ್ತಕವಿದೆ?

ಮಟ್ಟುವಿನಂಥ ಮರಳುಪಟ್ಟಿಯಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಪಾದೂರಿನ ಗುಹೆಗೂ ಮಟ್ಟುವಿನ ಬಾವಿಗೂ ನೇರ ಸಂಬಂಧವಿದೆಯೆಂದು ಇಲ್ಲಿ ಹೇಳುತ್ತಿಲ್ಲ. ಕಲ್ಲು ಬೇರೆ, ಮರಳು ಬೇರೆ. ಆದರೆ ನಿಯಮ ಒಂದೇ, ನೀರಿನ ಒತ್ತಡದ್ದು. ಹಾಲೆಂಡಿನ ಬಾಡನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಎಂಬವರು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡಂತೆ, ಕಡಲ ದಂಡೆಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಸಾಂದ್ರತೆ 1.000, ಕಡಲ ನೀರಿನದು 1.025. ಈ ಅಲ್ಪ ಅಂತರದಿಂದಾಗಿ, ಸಮುದ್ರ ಮಟ್ಟಕ್ಕಿಂತ ಒಂದು ಮೀಟರ್ ಮೇಲೆ ನಿಂತ ಸಿಹಿನೀರು ಸಮತೋಲದಲ್ಲಿ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಉಪ್ಪುನೀರನ್ನು ತಳ್ಳಿಡಬಲ್ಲದು. ಮೇಲಿನ ಮಟ್ಟ ಕಾಲು ಮೀಟರ್ ಕುಸಿದರೆ ಕೆಳಗಿನಿಂದ ಉಪ್ಪು ಹತ್ತು ಮೀಟರ್ ಏರಲು ದಾರಿಯಾಯಿತು. ಆಳಕ್ಕೆ ಕೊರೆದಷ್ಟೂ ಒಳ್ಳೆಯ ನೀರು ಎಂಬ ಘಟ್ಟದ ಮೇಲಿನ ತಿಳಿವಳಿಕೆ ಇಲ್ಲಿ ತಲೆಕೆಳಗು.

ಗುಹೆಗಿಂತ ಹೆಚ್ಚು ಜನರ ಜಮೀನನ್ನು ಮುಟ್ಟುವುದು ಕೊಳವೆ ಮಾರ್ಗ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ನಿಸರ್ಗಾನಿಲ ಮಾರ್ಗ 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಅಡ್ಡಕೊರೆತ ಮಾಡುವುದು ಕಷ್ಟವಾಗಿ ಕೊನೆಯ ತುಂಡು ತಡವಾಯಿತು. ಇಲ್ಲಿಯೂ ಅಡ್ಡ ಬಂದದ್ದು ಕಗ್ಗಲ್ಲೇ. ಇಂಥ ಮಾರ್ಗಗಳಿಗೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಕೊಳವೆ ಮಾರ್ಗಗಳ ಕಾಯ್ದೆ. ಇದರಲ್ಲಿ ಜಮೀನು ಒಡೆಯನದೇ ಆಗಿ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಅಧಿಸೂಚನೆಯಾದ 21 ದಿನಗಳೊಳಗೆ ಲಿಖಿತ ಆಕ್ಷೇಪ ಸಲ್ಲಿಸಬಹುದು. ವಾಸದ ಮನೆ, ಅದಕ್ಕೆ ಸೇರಿದ ಹಿತ್ತಿಲುಗಳ ಅಡಿಯಲ್ಲಿ ಕೊಳವೆ ಹಾಕುವಂತಿಲ್ಲ; ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹುಗಿಯುವಂತಿಲ್ಲ. ಆಮೇಲೆ ಆ ಪಟ್ಟಿಯಲ್ಲಿ ಬೇಸಾಯ ಮಾಡಬಹುದು. ಮನೆ ಕಟ್ಟುವುದು, ಬಾವಿ ತೋಡುವುದು, ಮರ ನೆಡುವುದು ಕೂಡದು. ಬೆಳೆನಷ್ಟದ ಹೊರತಾಗಿ ದೊರೆಯುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇಕಡ 10. ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿಗೆ ಹೋಗಬಹುದು. ತೆಂಗು, ಅಡಿಕೆಯ ನಾಡಿನಲ್ಲಿ ಮರ ನೆಡಬಾರದ ಜಮೀನಿಗೆ ಹತ್ತನೇ ಒಂದು ಪಾಲು ಬೆಲೆ ಎನ್ನುವುದು ಬಯಲುಸೀಮೆಯ ಜೋಳದ ಹೊಲವನ್ನು ಕಣ್ಣ ಮುಂದಿಟ್ಟು ಬರೆದ ನಿಯಮದಂತೆ ತೋರುತ್ತದೆ. 2017ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಮುಕ್ಕಂನಲ್ಲಿ ಪ್ರತಿಭಟನೆ ಜೋರಾದಾಗ ಕೇರಳ ಸರ್ಕಾರ ಪರಿಹಾರದ ದರವನ್ನು ಏರಿಸಬೇಕಾಯಿತು.

ಸ್ಥಳೀಯ ಅಧಿಕಾರಿಗಳಿಗೆ ಅನಿಲಗಳ ಗುಣಭೇದ ತಿಳಿದಿರುವುದು ಅತ್ಯಗತ್ಯ. ನಿಸರ್ಗಾನಿಲದ ಮುಖ್ಯ ಭಾಗ ಮೀಥೇನ್. ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರಿ ಚದುರುತ್ತದೆ. ಗಾಳಿಯಲ್ಲಿ ಶೇಕಡ 5ರಿಂದ 15ರಷ್ಟಿದ್ದಾಗ ಕಿಡಿ ತಗಲಿದರೆ ಸ್ಫೋಟ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಚರಂಡಿ, ತಗ್ಗುಗಳಲ್ಲಿ ಹರಡಿ ನಿಲ್ಲುತ್ತದೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿದಾಗ ಆದ ಸಾವುಗಳು ಈ ಭೌತಗುಣದ ಫಲ. ಹಗುರವೆಂದು ಮೀಥೇನನ್ನು ನಂಬುವಂತಿಲ್ಲ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ನಗರಂ ಹಳ್ಳಿಯಲ್ಲಿ ಸವೆದ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ತಗಲಿ 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ತೇವದ ಅನಿಲ ಹರಿದಿತ್ತು ಎಂದು ವಿಚಾರಣೆಯಲ್ಲಿ ಕಂಡುಬಂತು. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ದೂರಸಾಗಣೆಯ ಕೊಳವೆಯ ಅನಿಲಕ್ಕೆ ಎಲ್ಲೆಡೆ ಬೆರೆಸಿರುವುದಿಲ್ಲ. ಮೂಗಿಗೆ ಏನೂ ಬಡಿಯಲಿಲ್ಲ ಎಂಬುದು ಸುರಕ್ಷೆಯ ಗುರುತಲ್ಲ.

ಶಾಲೆಗಳು ಇಲ್ಲಿ ಒಂದು ಕೆಲಸ ಮಾಡಬಹುದು. ಊರಿನ ಹತ್ತು ತೆರೆದ ಬಾವಿಗಳನ್ನು ಆರಿಸಿ, ತೂಕ ಕಟ್ಟಿದ ಅಳತೆಪಟ್ಟಿಯಿಂದ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ತಿಂಗಳಿಗೊಮ್ಮೆ ಅಳೆದು, ದಿನಾಂಕದೊಡನೆ ಬರೆದಿಡುವುದು. ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಿನಂಶವನ್ನೂ ನೋಡಬೇಕು. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಸಿಲ್ವರ್ ನೈಟ್ರೇಟ್ ದ್ರಾವಣ ಅದಕ್ಕೆ ಸಾಕು. ಇದರ ಒಂದು ಪ್ರತಿಯನ್ನು ಪ್ರತಿವರ್ಷ ಪಂಚಾಯತಿಗೆ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲು ನಡೆಯುವ ಯೋಜನೆಗಳಲ್ಲಿ ಇಂಥ ಪುಸ್ತಕವನ್ನು ಮುಂದಿಟ್ಟು ಮಾತನಾಡಿದರೆ ಅದು ನಡಾವಳಿಯಲ್ಲಿ ದಾಖಲಾಗುತ್ತದೆ, ಯೋಜನೆಯವರು ಅದಕ್ಕೆ ಉತ್ತರಿಸಬೇಕಾಗುತ್ತದೆ. ಐದು ಮಳೆಗಾಲಗಳ ಅಂಕಿಗಳು ಸೇರಿದ ಮೇಲೆ, ಬಾವಿ ಇಳಿದದ್ದು ಮಳೆ ಕಡಿಮೆಯಾಗಿಯೋ ಕೊರೆತದಿಂದಲೋ ಎಂಬುದನ್ನು ಬೇರ್ಪಡಿಸಲು ಅಂತರ್ಜಲ ತಜ್ಞರಿಗೆ ಒಂದು ಆಧಾರ ಸಿಗುತ್ತದೆ.