ಸೋಲಾಪುರ ರಸ್ತೆಯ ಹಳ್ಳಿಗಳು, ನೆಲಮಂಗಲದಲ್ಲಿ ಬರೆಸಿದ ಗಡಿ

ಪುಣೆಯಿಂದ ಕಲಬುರಗಿ, ವಿಜಯಪುರದ ಕಡೆ ಊರಿಗೆ ಹೋಗುವವರಿಗೆ ಸೋಲಾಪುರ ರಸ್ತೆ ಬಾಯಿಪಾಠ. ಹಡಪ್ಸರ್ ದಾಟಿದರೆ ಲೋಣಿ ಕಾಳಭೋರ್, ಥೇವೂರ್ ಫಾಟಾ, ಉರುಳಿ ಕಾಂಚನ್. ಬೋರ್ಡ್ ನೋಡ್ತೀವಿ, ಮುಂದೆ ಹೋಗ್ತೀವಿ. ಇವುಗಳಲ್ಲಿ ಥೇವೂರ್ ಮತ್ತು ಉರುಳಿ ಕ್ರಿ.ಶ. 768ರ ಒಂದು ತಾಮ್ರಶಾಸನದಲ್ಲೇ ಇವೆ.

ಅದು ರಾಷ್ಟ್ರಕೂಟರ ಒಂದನೇ ಕೃಷ್ಣನ ತಳೇಗಾಂವ್ ಶಾಸನ. ಎಲ್ಲೋರದ ಕೈಲಾಸ ದೇವಾಲಯ ಅಂದಾಗ ನೆನಪಾಗುವ ಅದೇ ಕೃಷ್ಣ. ಆಗ ಅವನು ಗಂಗರ ಮೇಲೆ ದಂಡೆತ್ತಿ ಹೋಗಿ ಅವರ ಮಾನ್ಯಪುರದಲ್ಲಿ ಬೀಡುಬಿಟ್ಟಿದ್ದ. ಮಾನ್ಯಪುರ ಅಂದ್ರೆ ಇಂದಿನ ಮಣ್ಣೆ, ನೆಲಮಂಗಲ ತಾಲ್ಲೂಕು. ಅಲ್ಲಿಂದಲೇ ಪುಣೆ ಸೀಮೆಯ ಒಂದು ಹಳ್ಳಿಯನ್ನು ದಾನ ಕೊಟ್ಟ. ಶಾಸನ ಈ ಸೀಮೆಯನ್ನು ಪೂನಕ ವಿಷಯ ಅನ್ನುತ್ತದೆ. ವಿಷಯ ಅಂದ್ರೆ ಆಗಿನ ಕಾಲದ ಜಿಲ್ಲೆ.

ದಾನದ ಹಳ್ಳಿ ಕುಮಾರಿಗ್ರಾಮ. ಜೊತೆಗೆ ಅರಲುವ, ಸಿಂದಿಗ್ರಾಮ ಮುಂತಾದವು. ಇವು ಇಂದಿನ ಉರುಳಿ ಮತ್ತು ಶಿಂದವಣೆ. ಆಮೇಲೆ ಗಡಿ ಬರುತ್ತದೆ. ಪಶ್ಚಿಮಕ್ಕೆ ಥಿಯುರ ಮತ್ತು ಆಳಂದಿಯ, ಅಂದರೆ ಥೇವೂರ್ ಮತ್ತು ಸೋಲಾಪುರ ರಸ್ತೆ ಕಡೆಯ ಆಳಂದಿ (ಜ್ಞಾನೇಶ್ವರರ ಆಳಂದಿ ಬೇರೆ). ಪೂರ್ವಕ್ಕೆ ಖಂಭಗ್ರಾಮ, ಇಂದಿನ ಖಾಮ್‌ಗಾಂವ್. ದಕ್ಷಿಣಕ್ಕೆ ಖದಿರವೇಣ ಬೆಟ್ಟ. ಖದಿರ ಅಂದ್ರೆ ನಮ್ಮ ಕಗ್ಗಲಿ ಮರ, ಮರಾಠಿಯ ಖೈರ್. ಉತ್ತರಕ್ಕೆ ಮೂಯಿಲಾ ನದಿ, ನಮ್ಮ ಮುಳಾ.

ಇಷ್ಟು ವಿವರ ಯಾಕೆ? ಹಳ್ಳಿ ದಾನ ಅಂದ್ರೆ ಅದರ ಆದಾಯದ ಹಕ್ಕು ದಾನ. ನಾಳೆ ಜಗಳ ಬಂದರೆ ಗಡಿ ತೋರಿಸಬೇಕು. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಗುರುತುಗಳನ್ನೇ ಬರೆಸಿದರು: ಬೆಟ್ಟ, ಹೊಳೆ, ಪಕ್ಕದ ಊರು.

ಇದನ್ನು ಕೇಳಿ "ನೋಡಿ, ಪುಣೆ ನಮ್ಮದೇ ಆಗಿತ್ತು" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ. ಶಾಸನದ ಭಾಷೆ ಸಂಸ್ಕೃತ. ಗೆದ್ದ ರಾಜಧಾನಿಯೋ ಕನ್ನಡ ನೆಲದ ಗಂಗರದ್ದು. ಆಗಿನ ಸಾಮ್ರಾಜ್ಯಕ್ಕೆ ಇಂದಿನ ರಾಜ್ಯದ ಗೆರೆ ಗೊತ್ತೇ ಇರಲಿಲ್ಲ. ನನಗೆ ದೊಡ್ಡದಾಗಿ ಕಾಣೋದು ಬೇರೆ. ರಾಷ್ಟ್ರಕೂಟರು ಹೋದರು, ಯಾದವರು, ಸುಲ್ತಾನರು, ಪೇಶ್ವೆಗಳು, ಬ್ರಿಟಿಷರು ಬಂದು ಹೋದರು. ಥಿಯುರ ಮಾತ್ರ ಥೇವೂರ್ ಆಗಿ ಉಳಿಯಿತು. ಉಳಿಸಿದ್ದು ತಾಮ್ರವಲ್ಲ. ಉಳಿಸಿದ್ದು ದಿನಾ ಆ ಹೆಸರು ಹೇಳಿದ ರೈತರು, ಸಂತೆಗೆ ಹೋದವರು, ಮದುವೆಗೆ ಹೆಣ್ಣು ಕೊಟ್ಟು ತಂದವರು.

ಆ ಗಡಿಗೆ ಈಗ ಕುತ್ತು ಬಂದಿದೆ. ಉತ್ತರದ ಗಡಿಯಾದ ಹೊಳೆ ಪುಣೆಯ ಕೊಳಚೆ ಹೊತ್ತು, ಅಂತರಗಂಗೆ ತುಂಬಿಕೊಂಡು ಹರಿಯುತ್ತಿದೆ. ಆದರೂ ಲೋಣಿ ಬಳಿಯ ಕವಡಿಪಾಟ್‌ನಲ್ಲಿ ಚಳಿಗಾಲಕ್ಕೆ ಚಕ್ರವಾಕಗಳು ಬರುತ್ತವೆ. ಹೊಲಗಳು ಪ್ಲಾಟ್ ಆಗುತ್ತಿವೆ. ಪ್ಲಾಟ್ ಕೊಳ್ಳುವವರಲ್ಲಿ ನಮ್ಮಂಥವರೂ ಇದ್ದೇವೆ. ಲೇಔಟಿಗೆ ಯಾವುದೋ ವಿದೇಶಿ ಹೆಸರು ಬಿತ್ತು ಅಂದ್ರೆ ಹತ್ತು ವರ್ಷದಲ್ಲಿ ಡೆಲಿವರಿ ಹುಡುಗನಿಗೂ ಹಳೇ ಹೆಸರು ಬೇಕಾಗೋದಿಲ್ಲ.

ಪರಂಪರೆ ಅಂದ್ರೆ ಟಿಕೆಟ್ ಇರುವ ಕಟ್ಟಡ ಮಾತ್ರ ಅಲ್ಲ. ಒಂದು ಬೆಟ್ಟ, ಒಂದು ಹೊಳೆ, ನಾಲ್ಕು ಊರ ಹೆಸರು ಕೂಡ ಹೌದು. ಆ ಕಡೆ ಮನೆ ಕಟ್ಟಿಸುವವರು ವಿಳಾಸದಲ್ಲಿ ಊರಿನ ಹೆಸರನ್ನೂ ಬರೆಯಿರಿ. ಮಣ್ಣೆಯಲ್ಲಿ ಬರೆಸಿದ ಗಡಿ ಇನ್ನಷ್ಟು ದಿನ ಉಳಿಯಲಿ.